ಹಿತ್ತಿಲ ಕೆಲಸ: ಚೈತ್ರದಲ್ಲಿ ನೀರು, ನೆರಳು, ಕತ್ತರಿ

ಶಿವರಾತ್ರಿಯೊಡನೆ ಚಳಿಯು ಶಿವಶಿವಾ ಎಂದು ಹೊರಟುಹೋಯಿತು. ಹೊಂಗೆಯ ಮರಗಳು ಹಳೆಯ ಎಲೆಗಳನ್ನೆಲ್ಲ ಕೊಡವಿ ಹೊಸ ಚಿಗುರನ್ನು ಉಡುತ್ತಿವೆ. ಮಾವು ಮಿಡಿ ಕಚ್ಚಿದೆ. ಬೇವಿನ ಮರದಲ್ಲಿ ಯುಗಾದಿಗೆ ಬೇಕಾದ ಹೂವು ಸಣ್ಣಗೆ ತಲೆದೋರುತ್ತಿದೆ. ಈ ಪುಟದ ವಾಚಕ ಸೋದರಿಯೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಕಳುಹಿಸಿರುವರು: "ವಸಂತ ಬಂದಿತಲ್ಲ, ಹಿತ್ತಿಲಲ್ಲಿ ಏನೇನು ಅಗೆಯಬೇಕು, ಏನೇನು ಕತ್ತರಿಸಬೇಕು, ಏನೇನು ಬಿತ್ತಬೇಕು, ದಯವಿಟ್ಟು ತಿಳಿಸಿ" ಎಂದು. ಅವರು ಹೊಸದಾಗಿ ಮನೆ ಕಟ್ಟಿಸಿಕೊಂಡವರು; ಮನೆಯ ಹಿಂದೆ ಇಪ್ಪತ್ತಡಿ ಅಗಲದ ನೆಲ ದೊರೆತಿದೆ; ಮನಸ್ಸಿನಲ್ಲಿ ಉತ್ಸಾಹ ತುಂಬಿದೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನಮ್ಮ ಉದ್ದೇಶವಲ್ಲ. ಆ ತಣ್ಣೀರನ್ನು ಗಿಡಗಳಿಗಾಗಿ ಉಳಿಸಿಕೊಳ್ಳಬೇಕೆಂದು ಹೇಳುವುದಷ್ಟೇ ಉದ್ದೇಶ.

ಅಗೆಯುವುದು, ಕತ್ತರಿಸುವುದು, ಬಿತ್ತುವುದು ಎಂಬ ಈ ಮೂರು ವಸಂತಕಾರ್ಯಗಳು ಎಲ್ಲಿಂದ ಬಂದವೆಂಬುದನ್ನು ನಾವು ಬಲ್ಲೆವು. ಇಂಗ್ಲೆಂಡಿನಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳಲ್ಲಿ ಮಾರ್ಚಿ, ಏಪ್ರಿಲ್ ತಿಂಗಳುಗಳ ಕೆಳಗೆ ಇವೇ ಮಾತುಗಳು ಅಚ್ಚಾಗಿರುತ್ತವೆ. ಆ ನಾಡಿಗೆ ಅವು ಸರಿಯಾದ ಮಾತುಗಳೇ. ಅಲ್ಲಿ ಆಗ ಚಳಿ ಹಿಮ್ಮೆಟ್ಟಿ, ನೆಲವು ತೇವದಿಂದ ಮೆತ್ತಗಾಗಿ, ಬಿಸಿಲು ಎಳೆಯದಾಗಿ ಬೀಳುತ್ತದೆ. ಗಿಡಗಳು ತಿಂಗಳುಗಟ್ಟಲೆಯ ನಿದ್ರೆಯಿಂದ ಎದ್ದು ಕುಳಿತಿರುತ್ತವೆ. ನಮ್ಮ ಬಯಲುಸೀಮೆಯ ವಸಂತವಾದರೋ ಬೇರೆಯೇ ಆಗಿದೆ. ಮೈಸೂರು, ಬೆಂಗಳೂರು, ತುಮಕೂರು, ಕೋಲಾರ, ಚಿತ್ರದುರ್ಗಗಳ ಕಡೆ ಹಿಂಗಾರು ನಿಂತು ಆಗಲೇ ಮೂರು ತಿಂಗಳಾಗಿರುತ್ತದೆ. ಮೇಲಿನ ಒಂದು ಗೇಣು ಮಣ್ಣು ಒಣಗಿ ಬಿರುಸಾಗಿರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಬಿಸಿಯಾದ ತಿಂಗಳು ಏಪ್ರಿಲ್. ಮಳೆ ಬರುವುದಾದರೆ ಅಶ್ವಿನಿ, ಭರಣಿಗಳಲ್ಲಿ, ಎಂದರೆ ಏಪ್ರಿಲ್ ನಡುವಿನಿಂದ ಮೇ ತಿಂಗಳ ಹತ್ತನೆಯ ತಾರೀಖಿನವರೆಗೆ, ಒಂದೆರಡು ಹದ ಬರಬಹುದು, ಬಾರದೆಯೂ ಇರಬಹುದು. ಮುಂಗಾರು ನೆಲೆಯೂರಬೇಕಾದರೆ ಜೂನ್ ತಿಂಗಳೇ ಆಗಬೇಕು. ಇಂತಹ ಕಾಲದಲ್ಲಿ ಹೊಂಗೆ, ಬೇವುಗಳು ಚಿಗುರಿ ಹೂ ಬಿಡುತ್ತಿರುವುದು ಅವುಗಳ ಬೇರು ಆಳಕ್ಕೆ ಇಳಿದಿರುವುದರಿಂದ. ಅವನ್ನು ನೋಡಿ ನಮ್ಮ ಹಿತ್ತಿಲ ಸಣ್ಣ ಗಿಡಗಳೂ ಸುಖವಾಗಿವೆಯೆಂದು ತಿಳಿಯುವುದು ತಪ್ಪು. ಈಗಿನ ಎರಡು ತಿಂಗಳಲ್ಲಿ ಹೊಸದನ್ನು ಮಾಡುವ ಕೆಲಸ ಸ್ವಲ್ಪ, ಇರುವುದನ್ನು ಕಾಯುವ ಕೆಲಸ ಬಹಳ.

ಮಲೆನಾಡು ಮತ್ತು ಕರಾವಳಿಯ ವಾಚಕರು ಮುಂದಿನ ಮಾತುಗಳನ್ನು ತಮ್ಮ ನೆಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಅವರ ಮಳೆಯ ಲೆಕ್ಕ ಬೇರೆ. ಆದರೂ ಮೇ ತಿಂಗಳಲ್ಲಿ ಅಲ್ಲಿಯೂ ಬಾವಿಗಳು ತಳ ಕಾಣುವುದುಂಟು.

ಮೊದಲು ಕತ್ತರಿಯ ವಿಷಯವನ್ನು ಹೇಳಿಬಿಡುತ್ತೇವೆ. ಏಕೆಂದರೆ ಅದರಲ್ಲಿ ನಾವು ಕೈ ಸುಟ್ಟುಕೊಂಡಿದ್ದೇವೆ.

ನಾವು ಸೊಸೆಯಾಗಿ ಮೈಸೂರಿನ ಮನೆಗೆ ಬಂದ ಮರುವರ್ಷದ ಮಾತು. ಹಿತ್ತಿಲ ಬಾವಿಕಟ್ಟೆಯ ಪಕ್ಕದಲ್ಲಿ ನಮ್ಮ ಅತ್ತೆಯವರು ನೆಟ್ಟ ದುಂಡುಮಲ್ಲಿಗೆಯ ಗಿಡವೊಂದಿತ್ತು. ಬಚ್ಚಲ ನೀರಿನ ಕಾಲುವೆಗೆ ದೂರವಾಗಿ, ಬಾವಿಯಿಂದ ಸೇದಿದ ನೀರು ತುಳುಕಿ ಬೀಳುವಷ್ಟು ಸಮೀಪದಲ್ಲಿ ಅದು ಎದೆಯೆತ್ತರ ಬೆಳೆದು ನಿಂತಿತ್ತು. ಆ ವರ್ಷ ವೈಶಾಖದಲ್ಲಿ ನಮ್ಮ ನಾದಿನಿಯ ಮದುವೆ ನಿಶ್ಚಯವಾಗಿತ್ತು. ಮದುಮಗಳ ಮೊಗ್ಗಿನ ಜಡೆಗೆ ಹಿತ್ತಿಲ ಮಲ್ಲಿಗೆಯೇ ಆಗಬೇಕೆಂದು ಮನೆಯಲ್ಲಿ ಮಾತಾಗಿತ್ತು. ನಮಗೋ ಓದಿನ ಜಂಬ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಇಂಗ್ಲಿಷ್ ತೋಟದ ಪುಸ್ತಕವೊಂದರಲ್ಲಿ, ಮಾರ್ಚಿ ತಿಂಗಳಲ್ಲಿ ಹೂಗಿಡಗಳನ್ನು ಮೊಳಕಾಲುದ್ದಕ್ಕೆ ಕತ್ತರಿಸಿದರೆ ಬೇಸಿಗೆಯಲ್ಲಿ ಹೂವು ತುಂಬಿ ಬರುವುದೆಂದು ಓದಿದ್ದೆವು. ಮದುವೆಗೆ ಹೂವು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ, ಅತ್ತೆಯವರು ದೇವಸ್ಥಾನಕ್ಕೆ ಹೋಗಿದ್ದ ಒಂದು ಸಾಯಂಕಾಲ, ಗಿಡವನ್ನು ಬೋಳಿಸಿ ಬುಡವನ್ನು ಅಗೆದು ಹಾಕಿದೆವು.

ಅತ್ತೆಯವರು ಬಂದು ನೋಡಿದರು. ಕಟ್ಟೆಯ ಮೇಲೆ ಕುಳಿತು, ಕೆಳಗೆ ಬಿದ್ದಿದ್ದ ಒಂದು ರೆಂಬೆಯನ್ನು ಎತ್ತಿಕೊಂಡು, ಅದರ ತುದಿಯಲ್ಲಿ ಜೀರಿಗೆಯ ಕಾಳಿನಷ್ಟಿದ್ದ ಮೊಗ್ಗುಗಳನ್ನು ನಮಗೆ ತೋರಿಸಿದರು.

"ಇದೆಲ್ಲ ಏನೇ?"

"ಪುಸ್ತಕದಲ್ಲಿ ಹೀಗೆ ಮಾಡಬೇಕೆಂದಿದೆ ಅತ್ತೆ."

"ಆ ಪುಸ್ತಕ ಬರೆದವನ ಹಿತ್ತಿಲಲ್ಲಿ ಮಲ್ಲಿಗೆ ಇತ್ತೇನೇ?"

ಈ ಪ್ರಶ್ನೆಗೆ ನಾವು ಇಂದಿಗೂ ಉತ್ತರ ಕೊಟ್ಟಿಲ್ಲ. ಮದುವೆಗೆ ಹೂವನ್ನು ಮಾರುಕಟ್ಟೆಯಿಂದ ಮಾರುಗಟ್ಟಲೆ ಕೊಂಡು ತಂದರು. ನಮ್ಮ ಗಿಡ ಆಷಾಢದ ಹೊತ್ತಿಗೆ ನಾಲ್ಕು ಮೊಗ್ಗು ಬಿಟ್ಟಿತು. ಅತ್ತೆಯವರು ಆ ವಿಷಯವಾಗಿ ಮತ್ತೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತೋ ಏನೋ.

ಕಾರಣವನ್ನು ಆಮೇಲೆ ತಿಳಿದೆವು. ದುಂಡುಮಲ್ಲಿಗೆಯು ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುವ ಗಿಡ. ಅದಕ್ಕೆ ಕತ್ತರಿ ಹಾಕಬೇಕಾದ ಕಾಲ ಕಾರ್ತಿಕ ಕಳೆದ ಮೇಲೆ, ನವೆಂಬರ್ ಕೊನೆ ಡಿಸೆಂಬರ್‌ಗಳಲ್ಲಿ. ಆಗ ಕೆಲವು ದಿನ ನೀರನ್ನು ತಡೆದು, ರೆಂಬೆಗಳನ್ನು ಮೊಳಕಾಲುದ್ದಕ್ಕೆ ಕತ್ತರಿಸಿ, ಬುಡ ಬಿಡಿಸಿ ಗೊಬ್ಬರ ಹಾಕಿ ನೀರು ಕೊಟ್ಟರೆ, ಬಂದ ಚಿಗುರಿನಲ್ಲಿ ಫಾಲ್ಗುಣ ಚೈತ್ರಗಳಿಗೆ ಮೊಗ್ಗು ಬರುವುದು. ಮಾರ್ಚಿಯಲ್ಲಿ ಕತ್ತರಿಸಿದವರು ಕತ್ತರಿಸುವುದು ಆ ವರ್ಷದ ಹೂವನ್ನೇ. ಮೇಲಾಗಿ ಎಲೆಯ ನೆರಳಿನಲ್ಲಿದ್ದ ಒಳಗಿನ ಕಾಂಡವು ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟುಹೋಗುವುದು. ಆದುದರಿಂದ ಸೋದರಿಯರೇ, ಈಗ ಕತ್ತರಿಯನ್ನು ಎತ್ತಿಡಿ. ಹೂವಿನ ಒಂದು ಸುತ್ತು ಮುಗಿದ ಮೇಲೆ ಒಣ ತುದಿಗಳನ್ನು ಎರಡೆಲೆಯ ಕೆಳಗೆ ಚಿವುಟಬಹುದು. ಮುಂದಿನ ಸುತ್ತಿಗೆ ಅದು ಸಹಾಯ. ಗುಲಾಬಿ, ದಾಸವಾಳಗಳನ್ನೂ ಈ ಬಿಸಿಲಿನಲ್ಲಿ ಆಳವಾಗಿ ಕತ್ತರಿಸಬಾರದು. ನಿಂಬೆಯಲ್ಲಿ ಒಣಗಿದ ಕೊಂಬೆಯನ್ನೂ ಬುಡದಿಂದ ನೆಟ್ಟಗೆ ಏಳುವ ಹುಚ್ಚು ಚಿಗುರನ್ನೂ ತೆಗೆದರೆ ಸಾಕು.

ಇನ್ನು ನೀರಿನ ಮಾತು. ಇದನ್ನು ನಮಗೆ ಕಲಿಸಿದ್ದು 2024ನೆಯ ವರ್ಷದ ಬೇಸಿಗೆ.

ಆ ಹೊತ್ತಿಗೆ ನಾವು ಬೆಂಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ನೆಲಸಿ ಬಹಳ ವರ್ಷಗಳಾಗಿದ್ದುವು. ಮೈಸೂರಿನ ಮಲ್ಲಿಗೆಯ ರೆಂಬೆಯೊಂದನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು, ಬೇರು ಬಿಟ್ಟ ಮೇಲೆ ಬೇರ್ಪಡಿಸಿ ತಂದು ಇಲ್ಲಿಯ ಹಿತ್ತಿಲಲ್ಲಿ ನೆಟ್ಟಿದ್ದೆವು. ಮೈಸೂರಿನ ಮನೆ ಕೈಬಿಟ್ಟು ಹೋಗಿ, ಆ ಹಿತ್ತಿಲಿನಿಂದ ನಮಗೆ ಉಳಿದದ್ದು ಇದೊಂದೇ. ಅತ್ತೆಯವರೂ ನಮ್ಮೊಡನೆಯೇ ಇದ್ದರು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವು ಬರಪೀಡಿತವೆಂದು ಸಾರಿದ್ದುದು ವಾಚಕರ ನೆನಪಿನಲ್ಲಿರಬಹುದು. ಮರುವರ್ಷ ಫೆಬ್ರುವರಿಯಲ್ಲಿ ನಮ್ಮ ಕೊಳವೆಬಾವಿ ಕೆಮ್ಮಿತು. ಮಾರ್ಚಿಯಲ್ಲಿ ಗಾಳಿಯನ್ನಷ್ಟೇ ಕೊಟ್ಟಿತು. ಅದೇ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಕೂಡದೆಂದೂ, ಬಳಸಿದವರಿಗೆ 5,000 ರೂಪಾಯಿ ದಂಡವೆಂದೂ ಪ್ರಕಟಿಸಿತು. ಮನುಷ್ಯರ ಕೊಡಗಳೇ ಖಾಲಿಯಿರುವಾಗ ಈ ಕಟ್ಟಳೆ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಆದರೆ ಹಿತ್ತಿಲಲ್ಲಿ ಹದಿನೇಳು ಗಿಡಗಳು ನಿಂತಿದ್ದುವು.

ಅಡಿಗೆಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೀಟಿನಲ್ಲಿ ಕೂಡಿಟ್ಟು ಅಳೆದೆವು. ಐದು ಜನರ ಮನೆಯಲ್ಲಿ ದಿನಕ್ಕೆ ಎರಡು ಬಕೀಟು, ಸುಮಾರು ಮೂವತ್ತು ಲೀಟರು, ದೊರೆಯಿತು. ಇದನ್ನು ಹದಿನೇಳು ಗಿಡಗಳಿಗೂ ಧರ್ಮವಾಗಿ ಹಂಚಿದೆವು: ಒಂದೊಂದಕ್ಕೂ ದಿನಕ್ಕೆ ಎರಡು ಚೊಂಬು. ಪಕ್ಷಪಾತವಿಲ್ಲದ ಏರ್ಪಾಡೆಂದು ನಮಗೆ ಸಂತೋಷವೇ ಆಗಿತ್ತು. ಹದಿನೈದು ದಿನಗಳಲ್ಲಿ ಎಲ್ಲವೂ ಬಾಡಿದುವು. ಹಿಂದಿನ ಮಳೆಗಾಲದಲ್ಲಿ ನೆಟ್ಟು ನಮ್ಮೆತ್ತರ ಬಂದಿದ್ದ ಸಂಪಿಗೆಯ ಸಸಿಯು ಎಲೆಯನ್ನೆಲ್ಲ ಉದುರಿಸಿ ಒಣಗಿಹೋಯಿತು. ಅದನ್ನು ಕೀಳುವಾಗ ನೋಡಿದೆವು: ಮೇಲಿನ ನಾಲ್ಕು ಬೆರಳು ಮಣ್ಣು ಮಾತ್ರ ಒದ್ದೆ, ಕೆಳಗೆ ಇಟ್ಟಿಗೆಯಂತಹ ನೆಲ. ಹೊಸ ಬೇರುಗಳೆಲ್ಲ ಆ ನಾಲ್ಕು ಬೆರಳಿನ ಪದರಕ್ಕೇ ಏರಿ ಬಂದು, ಮಧ್ಯಾಹ್ನದ ಕಾವಿನಲ್ಲಿ ಬೆಂದಿದ್ದುವು. ನಾವು ಕೊಟ್ಟ ಚೊಂಬಿನ ನೀರೇ ಅವನ್ನು ಮೇಲಕ್ಕೆ ಕರೆದಿತ್ತು.

ಅಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು, ಉಳಿಸಿಕೊಳ್ಳತಕ್ಕವು ಯಾವುವೆಂದು ಎಣಿಸಿದೆವು. ಇದು ಹೇಳುವಷ್ಟು ಸುಲಭವಲ್ಲ. ಮುಂಭಾಗದ ಹುಲ್ಲುಹಾಸನ್ನು ಬಿಡುವುದರಲ್ಲಿ ವಾದವಿರಲಿಲ್ಲ. ಹುಲ್ಲು ಮಳೆ ಬಂದರೆ ತಾನೇ ಬರುವುದು. ಕುಂಡದ ಗುಲಾಬಿಗಳು ನಮ್ಮ ಮಗಳು ತಂದವು. ಅವಳೇ "ಹೋಗಲಿ ಬಿಡಮ್ಮ" ಎಂದಳು. ಮಾವಿನ ಮರಕ್ಕೆ ಹನ್ನೆರಡು ವರ್ಷವಾಗಿದೆ, ಅದು ತನ್ನ ಪಾಡು ತಾನು ನೋಡಿಕೊಳ್ಳುವುದೆಂದು ತೀರ್ಮಾನಿಸಿದೆವು. ಮಿಡಿ ಉದುರಿಸಿತೇ ಹೊರತು ಮರ ನಿಂತಿತು. ಉಳಿದ ಪಟ್ಟಿಯಲ್ಲಿ ಕರಿಬೇವು, ನಿಂಬೆ, ತುಳಸಿ, ಎಳೆಯ ಸೀಬೆ, ವೀಳ್ಯದ ಬಳ್ಳಿ, ಮಲ್ಲಿಗೆ ಎಂದು ಆರಾದುವು. ಅತ್ತೆಯವರು, "ನಾನು ಸ್ನಾನ ಮಾಡಿದ ನೀರನ್ನು ತುಳಸಿಗೆ ಹಾಕಬೇಡ. ಮಲ್ಲಿಗೆಗೂ ಬೇಡ, ಅದರಲ್ಲಿ ಸೋಪು ಇರುತ್ತದೆ. ಬಾಳೆಯ ಬುಡಕ್ಕೆ ಬಿಡು. ಮಲ್ಲಿಗೆಗೆ ಅಕ್ಕಿ ತೊಳೆದದ್ದು ಹಾಕು" ಎಂದು ಏರ್ಪಾಡು ಮಾಡಿದರು. ಹೀಗೆ ಬಾಳೆಯೂ ಏಳನೆಯದಾಗಿ ಪಟ್ಟಿಗೆ ಸೇರಿತು. ಆ ಏಪ್ರಿಲ್ ತಿಂಗಳೆಲ್ಲ ನಮ್ಮ ಬಡಾವಣೆಗೆ ಹನಿ ಬೀಳಲಿಲ್ಲ. ಮೇ ಮೊದಲ ವಾರದಲ್ಲಿ ಮಳೆ ಬಂದಾಗ ಏಳೂ ಜೀವದಿಂದಿದ್ದುವು. ಆ ವರ್ಷದ ಮಲ್ಲಿಗೆ ದೇವರ ಪಟಕ್ಕೆ ಸಾಲುವಷ್ಟು ಮಾತ್ರ ಬಂದಿತು. ಅದನ್ನು ಅತ್ತೆಯವರೇ ಕಟ್ಟಿದರು.

ಅಂದು ಕಲಿತದ್ದನ್ನು ಕೆಲಸದ ರೀತಿಯಲ್ಲಿ ಹೇಳುತ್ತೇವೆ. ನೀರು ಕಡಿಮೆಯಿದ್ದಾಗ ದಿನವೂ ಎಲ್ಲಕ್ಕೂ ಚಿಮುಕಿಸಬಾರದು. ಒಂದು ದಿನ ಎರಡು ಗಿಡಗಳಿಗೆ, ಮರುದಿನ ಬೇರೆ ಎರಡಕ್ಕೆ, ಹೀಗೆ ಸರದಿಯಂತೆ ಒಂದೊಂದಕ್ಕೆ ಒಂದು ತುಂಬು ಬಕೀಟನ್ನು ನಿಧಾನವಾಗಿ ಕುಡಿಸಬೇಕು. ನಾಲ್ಕೈದು ದಿನಕ್ಕೊಮ್ಮೆ ಇಂತಹ ಒಂದು ಊಟ ದೊರೆತರೆ ನೆಲದಲ್ಲಿ ಬೇರೂರಿದ ಗಿಡ ತಾಳಿಕೊಳ್ಳುವುದು. ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುವುದು. ಪಾತಿಯನ್ನು ಕಾಂಡಕ್ಕೆ ತಾಗಿಸಿ ಮಾಡುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ನೀರನ್ನು ಹೀರುವ ಸಣ್ಣ ಬೇರುಗಳು ಕೊಂಬೆಗಳ ತುದಿಯ ನೇರಕ್ಕೆ ಕೆಳಗಿರುತ್ತವೆ. ಪಾತಿಯೂ ಬಳೆಯಂತೆ ಅಲ್ಲಿಯೇ ಇರತಕ್ಕದ್ದು. ಎರೆಯುವ ಹೊತ್ತು ಸೂರ್ಯ ಹುಟ್ಟುವ ಮುಂಚೆ, ತಪ್ಪಿದರೆ ಮುಳುಗಿದ ಮೇಲೆ. ಒಂಬತ್ತು ಗಂಟೆಯ ಮೇಲೆ ಎರೆದ ನೀರಿನಲ್ಲಿ ಗಿಡಕ್ಕೆ ಸಲ್ಲುವುದಕ್ಕಿಂತ ಗಾಳಿಗೆ ಸಲ್ಲುವುದು ಹೆಚ್ಚು.

ಯಾವ ನೀರು ಯಾವುದಕ್ಕೆ ಎಂಬುದನ್ನೂ ನೋಡಬೇಕು. ಅಕ್ಕಿ ಬೇಳೆ ತೊಳೆದದ್ದು ಯಾವ ಗಿಡಕ್ಕಾದರೂ ಆದೀತು. ಅಂದಂದಿನದನ್ನು ಅಂದಂದೇ ಹಾಕಬೇಕು, ಮರುದಿನಕ್ಕೆ ನಾರುವುದು. ಉಪ್ಪು ಹಾಕಿ ಬೇಯಿಸಿದ ನೀರು ಯಾವುದಕ್ಕೂ ಬೇಡ. ಬಟ್ಟೆ ಒಗೆದ ನೀರು ಬಾಳೆಗೂ ತೆಂಗಿಗೂ ನಡೆಯುವುದು. ಸೊಪ್ಪು ತರಕಾರಿಗೆ ಸಲ್ಲದು. ಈಗ ಅನೇಕ ಮನೆಗಳಲ್ಲಿರುವ ನೀರು ಶೋಧಿಸುವ ಯಂತ್ರವು ಹೊರಕ್ಕೆ ಬಿಡುವ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಉಪ್ಪಿನಂಶ ಹೆಚ್ಚು. ನೆಲ ಸಾರಿಸುವುದಕ್ಕೆ ಅದು ಉತ್ತಮ. ಕುಂಡಗಳಿಗೆ ದಿನವೂ ಹಾಕಿದರೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿ ಎಲೆಯ ಅಂಚು ಸುಡುವುದು.

ಸಣ್ಣ ಸಸಿಗಳಿಗೆ ಮಡಕೆಯ ಉಪಾಯವನ್ನು ಬಿಟ್ಟರೆ ಬೇರೊಂದಿಲ್ಲ. ಇದು ಹೊಸದೇನೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ಚೀನೀ ಕೃಷಿಗ್ರಂಥವೊಂದರಲ್ಲಿಯೇ ಇದರ ವಿವರಣೆಯಿದೆ. ಐದಾರು ಲೀಟರು ಹಿಡಿಯುವ, ಬಣ್ಣ ಬಳಿಯದ ಹೊಸ ಮಡಕೆಯನ್ನು ಸಸಿಯಿಂದ ಒಂದು ಗೇಣು ದೂರದಲ್ಲಿ ಕತ್ತಿನವರೆಗೆ ಹೂತು, ನೀರು ತುಂಬಿ, ಮೇಲೆ ಮುಚ್ಚಳವನ್ನಿಡಬೇಕು. ಮುಚ್ಚಳ ಮರೆತರೆ ಸೊಳ್ಳೆಗಳಿಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಮಡಕೆಯ ಸೂಕ್ಷ್ಮರಂಧ್ರಗಳಿಂದ ಒಣ ಮಣ್ಣು ನೀರನ್ನು ಎಳೆದುಕೊಳ್ಳುವುದು. ಮಣ್ಣು ತೇವವಾದೊಡನೆ ಎಳೆತ ತಗ್ಗುವುದು. ಗಿಡವು ತನಗೆ ಬೇಕಾದಷ್ಟನ್ನು ತಾನೇ ಕೇಳಿ ಪಡೆದಂತಾಗುವುದು. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಮಡಕೆಯಲ್ಲಿ ನೀರು ತುಂಬಿಟ್ಟರೆ ಕೆಲವು ಗಂಟೆಗಳಲ್ಲಿ ಹೊರಮೈ ಬೆವರಬೇಕು. ಅಡಿಗೆಗೆ ಬಳಸಿ ಎಣ್ಣೆ ಹಿಡಿದ ಮಡಕೆ ಬೆವರುವುದಿಲ್ಲ. ಅದು ಈ ಕೆಲಸಕ್ಕೆ ಬಾರದು. ನಮ್ಮ ಮಲ್ಲಿಗೆಯ ಪಕ್ಕದಲ್ಲಿ ಅಂದು ಹೂತ ಮಡಕೆ ಇಂದಿಗೂ ಅಲ್ಲಿಯೇ ಇದೆ.

ಕೊಟ್ಟ ನೀರನ್ನು ಕಾಪಾಡುವುದು ಹೊದಿಕೆ. ಚೈತ್ರದಲ್ಲಿ ಬೀದಿಬೀದಿಗಳಲ್ಲಿ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ಕಂಡಾಗ ನಮಗೆ ಹೊಟ್ಟೆ ಉರಿಯುತ್ತದೆ. ಮರವು ತನ್ನ ಬುಡಕ್ಕೆ ತಾನೇ ಹೊದಿಸಿಕೊಂಡ ಕಂಬಳಿಯನ್ನು ಬಿಸಿಲೇರುವ ತಿಂಗಳಲ್ಲಿ ಕಿತ್ತು ಸುಡುವುದು ಎಂತಹ ಬುದ್ಧಿ! ಆ ಹೊಗೆಯಿಂದ ಪಕ್ಕದ ಮನೆಯ ಕೂಸಿಗೂ ಕೆಮ್ಮು. ಹೊಂಗೆ, ಮಾವು, ಹಲಸು, ಯಾವ ಎಲೆಯಾದರೂ ಸರಿ, ಪಾತಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ. ಹೊಂಗೆಯದಾದರೆ ಬೇಗ ಕೊಳೆತು ಒಳ್ಳೆಯ ಗೊಬ್ಬರವಾಗುವುದು; ಏಪ್ರಿಲ್‌ನಲ್ಲಿ ನೆಲಕ್ಕೆ ಹಾಸಿದಂತೆ ಉದುರುವ ಅದರ ಹೂವನ್ನೂ ಗುಡಿಸಿ ತಂದು ಸೇರಿಸಿ. ಕಾಂಡದ ಸುತ್ತ ಒಂದು ಗೇಣು ಬರಿಯ ನೆಲವನ್ನು ಬಿಡಬೇಕು, ಇಲ್ಲವಾದರೆ ಸಿಪ್ಪೆ ಕೊಳೆಯುವುದು. ಗೆದ್ದಲಿನ ಭಯವಿದ್ದಲ್ಲಿ ಒಂದೆರಡು ಹಿಡಿ ಬೇವಿನ ಹಿಂಡಿಯನ್ನು ಮೊದಲು ಮಣ್ಣಿಗೆ ಬೆರಸುವುದು ವಾಡಿಕೆ. ತೆಂಗಿನಕಾಯಿಯ ಸಿಪ್ಪೆ ಮನೆಯಲ್ಲಿ ಕೂಡುತ್ತಿದ್ದರೆ ಅದನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಪಾತಿಯಲ್ಲಿ ಹೂಳಿರಿ; ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದು. ಹೊದಿಕೆಗೆ ಬರಿಗೈ ಹಾಕುವ ಮುಂಚೆ ಕೋಲಿನಿಂದ ಒಮ್ಮೆ ಕೆದಕಿ ನೋಡಿ. ಚೇಳಿಗೂ ತಂಪು ಬೇಕು.

ನೆರಳಿನ ಮಾತು ಚಿಕ್ಕದು. ಮುಂಜಾವಿನ ಬಿಸಿಲು ಗಿಡಕ್ಕೆ ಊಟ. ಮಧ್ಯಾಹ್ನ ಎರಡರಿಂದ ಐದರವರೆಗಿನ ಪಡುವಣ ಬಿಸಿಲು ಶತ್ರು. ಎಳೆಯ ಸಸಿಗಳಿಗೆ ಪಶ್ಚಿಮದ ಕಡೆ ತೆಂಗಿನ ಗರಿಯನ್ನೋ ಹಳೆಯ ಗೋಣಿಯನ್ನೋ ಕಡ್ಡಿಗೆ ಕಟ್ಟಿ ಮರೆ ಮಾಡಿದರೆ ಸಾಕು. ಎಳೆಯ ಮಾವು, ನಿಂಬೆಗಳ ಕಾಂಡಕ್ಕೆ ಸುಣ್ಣ ಬಳಿಯುವುದು ಅಲಂಕಾರಕ್ಕಲ್ಲ, ಸಿಪ್ಪೆ ಬಿಸಿಲಿಗೆ ಸೀಳದಿರಲೆಂದು. ಮಹಡಿಯ ಮೇಲೆ ಕುಂಡಗಳನ್ನಿಟ್ಟಿರುವವರು ಅವನ್ನೆಲ್ಲ ಒತ್ತಾಗಿ ಗುಂಪು ಕೂಡಿಸಿ, ಇಟ್ಟಿಗೆಯ ಮೇಲಿಟ್ಟು, ಮೇಲೆ ಹಸುರು ನೆರಳುಬಲೆಯನ್ನು ಕಟ್ಟಲಿ. ಕಾದ ತಾರಸಿಯ ಮೇಲೆ ನೇರವಾಗಿ ಕುಳಿತ ಕುಂಡದಲ್ಲಿ ಬೇರು ಹುರಿದುಹೋಗುವುದು. ಬಾಡಿದ ಗಿಡಕ್ಕೆ ಬಲ ಬರಲೆಂದು ಸರ್ಕಾರಿ ಗೊಬ್ಬರ ಹಾಕುವವರುಂಟು. ನೀರಿಲ್ಲದೆ ಉಪ್ಪು ಬಡಿಸಿದಂತೆ ಅದು. ಮಳೆ ಬರುವವರೆಗೆ ಗೊಬ್ಬರದ ಚೀಲ ಮೂಲೆಯಲ್ಲಿರಲಿ.

ಹಾಗಾದರೆ ಏನನ್ನೂ ಬಿತ್ತಬಾರದೇ ಎಂದು ನಮ್ಮ ಸೋದರಿಯವರು ಕೇಳಬಹುದು. ನೀರಿನ ಅನುಕೂಲವಿದ್ದರೆ ಒಂದೆರಡು ಮಡಿ ಬಿತ್ತಬಹುದು. ಬಿಸಿಲನ್ನು ಮೆಚ್ಚುವವು ನಮ್ಮಲ್ಲಿ ಇವೆ: ಬೆಂಡೆ, ಗೋರಿಕಾಯಿ, ಹೀರೆ, ಸೋರೆ, ಹಾಗಲ. ಹರಿವೆಯಂತೂ ಒಂದು ತಿಂಗಳೊಳಗೆ ಸಾರಿಗೆ ಬರುವುದು. ಬೆಂಡೆ ಒಂದೂವರೆ ತಿಂಗಳಿಗೆ ಕಾಯಿ ಕೊಡುವುದು. ಕೊತ್ತಂಬರಿ ಈ ಕಾವಿಗೆ ಎಲೆಯಾಗುವ ಮುಂಚೆಯೇ ಹೂವಾಗಿಬಿಡುವುದು. ಕೋಸು, ಹೂಕೋಸುಗಳ ಗೊಡವೆ ಈಗ ಬೇಡವೇ ಬೇಡ. ನೀರಿನ ಅನುಕೂಲ ಇಲ್ಲದವರು ಈ ತಿಂಗಳು ಬೀಜವನ್ನು ಬಿತ್ತುವುದಕ್ಕೆ ಬದಲಾಗಿ ಕೂಡಿಡಲಿ. ಅವರೆ, ಸೋರೆ, ಹೀರೆಗಳಲ್ಲಿ ಬಳ್ಳಿಯ ಮೇಲೆಯೇ ಒಣಗಿದ ಒಳ್ಳೆಯ ಕಾಯಿಗಳನ್ನು ಆರಿಸಿ, ಬೀಜ ಬಿಡಿಸಿ, ಎರಡು ದಿನ ಎಳೆಬಿಸಿಲಿನಲ್ಲಿಯೂ ಆಮೇಲೆ ನೆರಳಿನಲ್ಲಿಯೂ ಒಣಗಿಸಿ, ಸೌದೆಯ ಬೂದಿಯೊಡನೆ ಕಲಸಿ ಗಡಿಗೆಯಲ್ಲಿಟ್ಟರೆ ಮುಂಗಾರಿಗೆ ಸಿದ್ಧ.

ಅಗೆಯಬೇಕೆಂಬ ಆಸೆ ಇದ್ದವರಿಗೆ ಒಂದು ಕೆಲಸವುಂಟು. ಮಳೆಗಾಲದಲ್ಲಿ ನೆಡಬೇಕೆಂದಿರುವ ಗಿಡಗಳಿಗೆ ಈಗಲೇ ಗುಂಡಿ ತೋಡಿಸಿ: ಮಾವು, ಹಲಸಿಗೆ ಉದ್ದ ಅಗಲ ಆಳ ಮೂರು ಮೂರು ಅಡಿ, ಕರಿಬೇವು, ಸೀಬೆಗೆ ಎರಡಡಿ. ಮೇಲುಮಣ್ಣನ್ನು ಒಂದು ಕಡೆ, ಅಡಿಮಣ್ಣನ್ನು ಇನ್ನೊಂದು ಕಡೆ ರಾಶಿ ಹಾಕಿ, ಗುಂಡಿಯನ್ನು ಒಂದು ತಿಂಗಳು ಬಿಸಿಲಿಗೆ ಬಿಡಿ. ಹುಳು ಹುಪ್ಪಟೆಗಳ ಮೊಟ್ಟೆಗಳು ಸುಟ್ಟುಹೋಗುವುವು. ಮನೆಯಲ್ಲಿ ಮಕ್ಕಳಿದ್ದರೆ ಗುಂಡಿಯ ಮೇಲೆ ಮುಳ್ಳು ಮುಚ್ಚುವುದನ್ನು ಮರೆಯಬೇಡಿ. ಭರಣಿಯ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಇದೆಯಷ್ಟೆ. ಆ ಮಳೆ ಬಂದ ಮೇಲೆ ಮೇಲುಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರಸಿ ಗುಂಡಿ ತುಂಬಿಡಿ, ನೆಡುವುದು ಜೂನ್‌ನಲ್ಲಿ.

ಅದೇ ಭರಣಿಯ ಮಳೆಗಾಗಿ ಮಹಡಿಯನ್ನೂ ಏಪ್ರಿಲ್ ಮೊದಲಲ್ಲಿಯೇ ಗುಡಿಸಿ, ನೀರಿಳಿಯುವ ಕೊಳವೆಯ ಬಾಯಲ್ಲಿ ಸಿಕ್ಕಿರುವ ಎಲೆಯನ್ನು ತೆಗೆಸಿಡಬೇಕು. ಲೆಕ್ಕ ಬಹು ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನೂರು ಚದರ ಮೀಟರಿನ ಮಹಡಿಯ ಮೇಲೆ ಹತ್ತು ಮಿಲಿಮೀಟರಿನ ಒಂದು ಹದ ಬಿದ್ದರೆ 1,000 ಲೀಟರು. ನಾವು ಆ ಬೇಸಿಗೆಯಲ್ಲಿ ಏಳು ಗಿಡಗಳನ್ನು ಒಂದು ತಿಂಗಳಿಗೂ ಮೇಲೆ ಸಾಕಿದಷ್ಟು ನೀರು ಅದು. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಬೀದಿಯ ಚರಂಡಿಗೆ ಹೋಗುವುದು. ಮೊದಲ ಮಳೆಯ ಧೂಳು ತುಂಬಿದ ನೀರನ್ನು ಮರದ ಪಾತಿಗಳಿಗೆ ಬಿಟ್ಟು, ಎರಡನೆಯದರಿಂದ ತೊಟ್ಟಿಯಲ್ಲಿ ಹಿಡಿಯಿರಿ. ಸೇದುವ ಬಾವಿ ಇರುವ ಪುಣ್ಯವಂತರು ನೀರು ಅತಿ ತಗ್ಗಿರುವ ಈಗಲೇ ಹೂಳೆತ್ತಿಸಲಿ. ಅದು ಬಲ್ಲವರ ಕೆಲಸ, ಮನೆಯ ಹುಡುಗರನ್ನು ಇಳಿಸಕೂಡದು.

ಕೊನೆಗೆ ಕರಿಬೇವಿನ ವಿಷಯವಾಗಿ ಅದೇ ಸೋದರಿಯವರು ಕೇಳಿದ ಇನ್ನೊಂದು ಪ್ರಶ್ನೆ. ಅವರ ಗಿಡದ ಎಳೆಯೆಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತಹ ಕಲೆಗಳು ಕಾಣುತ್ತಿವೆಯಂತೆ, ಮುಟ್ಟಿದರೆ ಅಲುಗುತ್ತವೆಯಂತೆ. ಅವು ನಿಂಬೆ, ಕರಿಬೇವುಗಳನ್ನು ತಿನ್ನುವ ಚಿಟ್ಟೆಯ ಮರಿಹುಳುಗಳು. ಬೆಳೆದ ಮೇಲೆ ಹಸುರಾಗುವುವು. ಗಿಡ ದೊಡ್ಡದಾಗಿದ್ದರೆ ನಾಲ್ಕು ಹುಳು ತಿಂದ ಎಲೆಯನ್ನು ಅದು ಲೆಕ್ಕಕ್ಕಿಡುವುದಿಲ್ಲ. ಮೊಳದುದ್ದದ ಸಸಿಯಾದರೆ ಬೆಳಗ್ಗೆ ಒಂದು ಕಡ್ಡಿಯಿಂದ ಆರಿಸಿ ದೊಡ್ಡ ನಿಂಬೆಯ ಮರಕ್ಕೆ ಬಿಟ್ಟುಬಿಡಿ; ಯಾವ ಔಷಧವೂ ಬೇಡ, ನಾಳೆ ಒಗ್ಗರಣೆಗೆ ಕೀಳುವ ಎಲೆ ಅದು. ಈಗ ತುದಿಯಲ್ಲಿ ಬರುವ ಹೂಗೊಂಚಲನ್ನು ಚಿವುಟಿದರೆ ಎಲೆ ಹೆಚ್ಚುವುದು. ಹುಳಿ ಮಜ್ಜಿಗೆಯನ್ನು ನೀರಾಗಿಸಿ ಬುಡಕ್ಕೆ ಎರೆಯುವ ವಾಡಿಕೆ ನಮ್ಮ ಮನೆಯಲ್ಲಿಯೂ ಉಂಟು; ಉಪ್ಪು ಬೆರಸಿದ ಮಜ್ಜಿಗೆಯಾಗದಂತೆ ಮಾತ್ರ ನೋಡಿಕೊಳ್ಳಿ. ಭರಣಿ ಸುರಿದ ಮೇಲೆ ನೆಡುವ ಸಸಿಗಳನ್ನು ಆರಿಸುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.